ಎತ್ತಿಡುವ ಮೆಟ್ಟಿಲು

ಮೇಸ್ತ್ರಿ ಎರ್ರಿಸ್ವಾಮಿ ಹೊಸದುರ್ಗದ ಸುತ್ತ ಕಟ್ಟಿದ ಯಾವ ಮೆಟ್ಟಿಲೂ ಅಲುಗಿದ್ದಿಲ್ಲ, ತನ್ನೂರಿನ ಹೊಳೆದಂಡೆಯದನ್ನು ಬಿಟ್ಟು. ವೇದಾವತಿಯ ಆ ಮರಳು ದಂಡೆಗೆ ಅವನು ಎರಡು ಸಲ ಕಲ್ಲು ಸಿಮೆಂಟಿನ ಮೆಟ್ಟಿಲು ಕಟ್ಟಿದ್ದ. ಎರಡು ಸಲವೂ ಮಳೆಗಾಲದ ನೀರು ಬುಡ ಕೊರೆದು, ದಂಡೆಯ ಸಮೇತ ಅದನ್ನು ಕೆಡವಿತ್ತು. ಮೂರನೆಯದೂ ಹೋದರೆ ದಾರಿಗೆ ಬೇಲಿ ಹಾಕುವುದೆಂದು ಊರವರು ತೀರ್ಮಾನಿಸಿದ್ದರು. ಹಾಗಾದರೆ ಬಟ್ಟೆ ಒಗೆಯುವವರೂ ಕುರಿಯ ಮೈ ತೊಳೆಯುವವರೂ ಎರಡು ಮೈಲಿ ಸುತ್ತಬೇಕಾಗುತ್ತಿತ್ತು.

"ಈ ಸಲ ಪಾಯ ಇನ್ನೂ ಆಳಕ್ಕೆ ತೆಗಿತೀನಿ," ಎಂದು ಅವನು ಕುರಿ ಕಾಯುವ ಪಾಲಮ್ಮನಿಗೆ ಹೇಳಿದ.

"ಪಾತಾಳದ ತಂಕ ತೆಗಿಯಪ್ಪ, ಅಲ್ಲೂ ಮರಳೇ ಐತೆ. ನಾವು ಕುರಿ ಕೂಡೋ ತಡಿಕೇನ ಯಾರ ಹೊಲದಾಗಾದ್ರೂ ಹೂತು ಬಂದೀವಾ? ಕುರಿ ಎದ್ದಾಗ ತಡಿಕೇನೂ ಎತ್ಕೊಂಡು ಹೋಗ್ತೀವಿ."

"ಎತ್ಕೊಂಡು ಹೋಗೋದನ್ನ ಕಟ್ಟಡ ಅಂತಾರೇನವ್ವ?"

"ಕೊಚ್ಕೊಂಡು ಹೋಗೋದನ್ನ ಅಂತಾರಾ?"

ಗಾರೆಯಿಲ್ಲದೆ ಕಟ್ಟುವುದೆಂದರೆ ತನಗೆ ಕೆಲಸ ಬಾರದೆಂದು ಊರ ಮುಂದೆ ಒಪ್ಪಿಕೊಂಡಂತೆ ಎರ್ರಿಸ್ವಾಮಿಗೆ ತೋರಿತು. ಎರಡು ದಿನ ಹೊಳೆಯ ಕಡೆಗೇ ಬರಲಿಲ್ಲ. ಮೂರನೆಯ ದಿನ ಜಾಲಿ ಮರದ ತುಂಡುಗಳನ್ನು ತಂದು, ಒಂದೊಂದನ್ನೇ ಎರಡು ದಪ್ಪ ಹಗ್ಗಗಳಿಗೆ ಏಣಿಯಂತೆ ಬಿಗಿದು, ಹಗ್ಗದ ತುದಿಗಳನ್ನು ದಂಡೆಯಿಂದ ದೂರವಿದ್ದ ಬೇವಿನ ಮರಕ್ಕೆ ಕಟ್ಟಿ ಇಳಿಜಾರಿನ ಮೇಲೆ ಹಾಸಿದ.

ಮಳೆಗಾಲದಲ್ಲಿ ಹೊಳೆ ಏರತೊಡಗಿದಾಗ ಎಂಟು ಜನ ಸೇರಿ ಆ ಹಗ್ಗದ ಮೆಟ್ಟಿಲನ್ನು ಮೇಲಕ್ಕೆ ಎಳೆದರು. ಆ ವರ್ಷ ದಂಡೆ ಮೂರು ಮೊಳ ಕುಸಿಯಿತು. ಮೆಟ್ಟಿಲು ಮಾತ್ರ ಬೇವಿನ ನೆರಳಲ್ಲಿ ಸುರುಳಿಯಾಗಿ ಬಿದ್ದಿತ್ತು.

"ಮೇಸ್ತ್ರಿ, ನಿನ್ನ ಮೆಟ್ಲು ನಮಗಿಂತ ಮೊದ್ಲೇ ದಂಡೆ ಹತ್ತಿ ಕುಂತೈತಲ್ಲ," ಎಂದಳು ಪಾಲಮ್ಮ.

ಎರ್ರಿಸ್ವಾಮಿ ನಕ್ಕ. ನೀರು ಇಳಿದ ಮೇಲೆ ಅದನ್ನು ಎಲ್ಲಿಂದ ಇಳಿಬಿಡಬೇಕೆಂದು, ದಂಡೆಯ ಹೊಸ ಅಂಚಿನುದ್ದಕ್ಕೂ ಹೆಜ್ಜೆಯಿಟ್ಟು ಅಳೆಯತೊಡಗಿದ.