ಮಳೆಗಾಲಕ್ಕೂ ಜಾಗ ಬಿಡುವ ಬಡಗಿ

ಬೆಳಗಿನ ಐದೂವರೆ ಗಂಟೆ. ಕುರುಬರಹಳ್ಳಿಯ ಹಳೆಯ ಓಣಿಯೊಂದರಲ್ಲಿ, ತಗಡಿನ ಮಾಡಿನ ಕೆಳಗೆ, ಅಂಜಿನಯ್ಯ ಹೊನ್ನೆಮರದ ಹಲಗೆಯೊಂದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಸದ್ದು ಮಂದವಾಗಿ ಬರುತ್ತದೆ. ಹಲಗೆಯಲ್ಲಿ ಇನ್ನೂ ಹಸಿ ಇದೆ ಎಂದು ಅದನ್ನು ಗೋಡೆಗೆ ಒರಗಿಸಿ ಮತ್ತೊಂದನ್ನು ಎತ್ತಿಕೊಳ್ಳುತ್ತಾರೆ. ಅದು ಗಣಗಣ ಎನ್ನುತ್ತದೆ. ಕೀಸುಳಿ ಅದರ ಮೇಲೆ ಓಡತೊಡಗಿದೊಡನೆ ತೆಳ್ಳನೆಯ ಮರದ ಸುರುಳಿಗಳು ಅವರ ಪಾದದ ಮೇಲೆ ಬೀಳುತ್ತವೆ.

ಆದರೆ ಈ ಭಾನುವಾರ ಅವರ ಮನಸ್ಸು ಹಲಗೆಯ ಮೇಲಿಲ್ಲ. ಬಸವೇಶ್ವರನಗರದ ಸಾಲುಮನೆಗಳಲ್ಲಿ ಇಪ್ಪತ್ನಾಲ್ಕು ಅಡುಗೆಮನೆಗಳಿವೆ. ಅವುಗಳಲ್ಲಿ ಆರಕ್ಕೆ ಅವರು ಮಾರ್ಚಿನಲ್ಲಿ ಹೊಸ ಬಾಗಿಲು, ಡ್ರಾಯರುಗಳನ್ನು ಕೂಡಿಸಿಕೊಟ್ಟಿದ್ದಾರೆ. ಆಷಾಢದ ಮಳೆ ಕುಡಿದ ಮೇಲೂ ಅವು ಸಲೀಸಾಗಿ ಆಡಿದರೆ ಉಳಿದ ಹದಿನೆಂಟು ಮನೆಗಳ ಕೆಲಸವೂ ಅವರದೇ. ಇಲ್ಲವಾದರೆ ಮುಖ್ಯರಸ್ತೆಯ ಅಂಗಡಿಯವರ ಸಿದ್ಧ ಬಾಗಿಲುಗಳು ಬರುತ್ತವೆ. ಮಾದರಿಗಳು ಆಗಲೇ ಬಂದು ಕುಳಿತಿವೆ. ಇಂದು ಏಳು ಗಂಟೆಗೆ ಪರೀಕ್ಷೆ.

"ರಾಗಿ ರೊಟ್ಟಿ ತಿನ್ಕೊಂಡೇ ಹೋಗಿ. ಬಾಗ್ಲು ಎಳೆಯೋಕೆ ಶಕ್ತಿ ಬೇಕಾದ್ರೆ?" ಎಂದು ಹೆಂಡತಿ ಗಂಗಲಕ್ಷ್ಮಮ್ಮ ಒಳಗಿನಿಂದ ಚುಚ್ಚುತ್ತಾರೆ. ಅಂಜಿನಯ್ಯ ನಗುವುದಿಲ್ಲ, ರೊಟ್ಟಿಯನ್ನು ಬಿಡುವುದೂ ಇಲ್ಲ.

ಐವತ್ನಾಲ್ಕರ ಈ ಬಡಗಿ ಹುಟ್ಟಿನಿಂದ ಬಡಗಿಯಲ್ಲ, ಹೊಲ ಉಳುವವರ ಮಗ. ಹದಿಮೂರನೆಯ ವಯಸ್ಸಿನಲ್ಲಿ ದೊಡ್ಡಣ್ಣ ಎಂಬುವರ ಗಾಡಿ ಕೊಟ್ಟಿಗೆ ಸೇರಿ ಎತ್ತಿನ ಗಾಡಿಯ ಚಕ್ರ ಕಟ್ಟುವುದನ್ನು ಕಲಿತರು. ಸುತ್ತಲಿನ ಹೊಲಗಳೆಲ್ಲ ಸೈಟುಗಳಾದವು, ಎತ್ತುಗಳು ಮಾರಾಟವಾದವು. ಅವರು ಕೊನೆಯ ಗಾಡಿ ಕಟ್ಟಿದ್ದು ೧೯೭೧ರಲ್ಲಿ. ಆಮೇಲೆ ಕೆಲವು ವರ್ಷ ಕಟ್ಟಡಗಳಲ್ಲಿ ಕಿಟಕಿಯ ಚೌಕಟ್ಟು ಹೊಡೆದರು. ಎರಡು ವರ್ಷಗಳಿಂದ ಅಡುಗೆಮನೆಗಳೇ ಅವರ ಬದುಕು. ಹೊಸ ಬಡಾವಣೆಗಳ ಅಡುಗೆಕಟ್ಟೆಯ ಕೆಳಗೆ ಕೂಡಿಸಿದ, ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಬಾಗಿಲುಗಳು ನಾಲ್ಕೈದು ವರ್ಷಕ್ಕೆ ನೀರು ಹೀರಿ ಚಹಾದಲ್ಲಿ ನೆನೆದ ರಸ್ಕಿನಂತೆ ಅಂಚಿನಿಂದ ಉದುರುತ್ತವೆ, ತಿರುಪುಗಳು ಹಿಡಿತ ಬಿಡುತ್ತವೆ. ಅಂಥವನ್ನು ಕಿತ್ತು, ಕೆಡವಿದ ಮನೆಗಳ ಹಳೆಯ ತೊಲೆಗಳನ್ನು ಸೀಳಿಸಿ, ಹೊಸದನ್ನು ಅವರು ಕೈಯಾರೆ ಮಾಡುತ್ತಾರೆ. ಒಂದು ಮನೆಗೆ ನಾಲ್ಕು ಬಾಗಿಲು, ಎರಡು ಡ್ರಾಯರು, ಒಂಬತ್ತು ದಿನದ ಕೆಲಸ. ಡ್ರಾಯರಿನ ಮೂಲೆಗಳಲ್ಲಿ ಒಂದು ಮೊಳೆಯೂ ಇರುವುದಿಲ್ಲ. ಎರಡು ಕೈಗಳ ಬೆರಳು ಹೆಣೆದಂತೆ ಹಲ್ಲುಗಳೇ ಪರಸ್ಪರ ಹಿಡಿದುಕೊಳ್ಳುತ್ತವೆ.

ಅಳತೆ ತೆಗೆಯುವ ಮೊದಲು ಅವರದೊಂದು ಪದ್ಧತಿಯಿದೆ. ಮನೆಯ ಹೆಂಗಸನ್ನು ಕಾಫಿ ಮಾಡಲು ಹೇಳಿ ತಾವು ಮೂಲೆಯಲ್ಲಿ ನಿಲ್ಲುತ್ತಾರೆ. ಪುಡಿಯ ಡಬ್ಬಕ್ಕೆ ಯಾವ ಕೈ ಹೋಯಿತು, ಬಾಗಿಲು ಮೊಣಕಾಲಿಗೆ ಎಲ್ಲಿ ತಾಗಿತು ಎಂದು ನೋಡಿ ಅಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಹಿಡಿಕೆ ಕೂರುವುದು ಆ ಗುರುತಿನ ಮೇಲೆ. "ಕಾಫಿ ಆಸೆಗೆ ಬರ್ತಾನೆ ಅಂತ ಆಡ್ಕೋತಾರೆ. ಕುಡೀತೀನಿ, ಸುಳ್ಳ್ಯಾಕೆ ಹೇಳ್ಲಿ" ಎನ್ನುತ್ತಾರೆ ಅಂಜಿನಯ್ಯ.

ಪರೀಕ್ಷೆಯ ಮಾತು ಬಂದದ್ದಕ್ಕೆ ಕಾರಣ ಕಳೆದ ವರ್ಷ ಅವರೇ ಮಾಡಿದ ತಪ್ಪು. ಸಾಲಿನ ಮೊದಲ ಮನೆಯಲ್ಲಿರುವ ಶಾಲಾ ಶಿಕ್ಷಕಿ ವತ್ಸಲಾ ಅವರಿಗೆ ಏಪ್ರಿಲ್ ಬಿಸಿಲಿನಲ್ಲಿ ಎರಡು ಡ್ರಾಯರುಗಳನ್ನು ಕೂದಲೂ ನುಸುಳದಂತೆ ಬಿಗಿಯಾಗಿ ಕೂಡಿಸಿದ್ದರು. ಗಾಡಿಚಕ್ರಕ್ಕೆ ಅದೇ ಸರಿ. ಮಳೆಗೆ ಮರ ಉಬ್ಬಿದಷ್ಟೂ ಚಕ್ರ ಗಟ್ಟಿ. ಡ್ರಾಯರಿಗೆ ಅದೇ ಮುಳುವಾಯಿತು. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ದೇವಿಯ ಬೆಳ್ಳಿಯ ಮುಖ ಡ್ರಾಯರಿನೊಳಗೇ ಸಿಕ್ಕಿಕೊಂಡಿತು. ಮೂವರು ಎಳೆದರೂ ಅದು ಜಗ್ಗಲಿಲ್ಲ. "ಎತ್ತು ಕಟ್ಟಿ ಎಳೆಸ್ಬೇಕಿತ್ತು ಅಂಜಿನಯ್ಯನೋರೆ, ಅದೊಂದನ್ನ ಮಾಡ್ಕೊಟ್ಟಿಲ್ಲ ನೀವು" ಎಂದ ವತ್ಸಲಾ ಅವರ ಮಾತು ಇಡೀ ಸಾಲಿಗೆ ಬಾಯಿಪಾಠವಾಗಿದೆ. ತಾವು ಮಾಡಿದ ಡ್ರಾಯರನ್ನು ತಾವೇ ಒಡೆದು ಮುಖವನ್ನು ಹೊರಗೆ ತೆಗೆದ ಅಂಜಿನಯ್ಯ ಅಂದು ಊಟ ಮಾಡಲಿಲ್ಲ.

ಆಮೇಲೆ ಕೆಲಸದ ರೀತಿ ಬದಲಾಯಿತು. ಈಗ ಬಾಗಿಲೆಂದರೆ ನಾಲ್ಕು ಪಟ್ಟಿಗಳ ಚೌಕಟ್ಟು, ಅದರ ಒಳಅಂಚಿನಲ್ಲಿ ಕೊರೆದ ಕಿರುಗಾಲುವೆಯೊಳಗೆ ಅಂಟು ಹಾಕದೆ ಬಿಟ್ಟ ತೆಳು ಹಲಗೆ. ಹಲಗೆ ಉಬ್ಬಿದರೂ ಚೌಕಟ್ಟು ಕದಲದು. ಡ್ರಾಯರಿನ ಸುತ್ತ ಬೇಸಿಗೆಯಲ್ಲಿ ಎಂಟಾಣೆ ನಾಣ್ಯದ ದಪ್ಪದಷ್ಟು ಸಂದು. "ಮಳೆಗಾಲಕ್ಕೂ ಒಂದಿಷ್ಟು ಜಾಗ ಬಿಟ್ಟಿರ್ಬೇಕು. ಅದೂ ಮನೆಗೆ ಬರೋ ನೆಂಟನೇ" ಎಂಬುದು ಅವರ ವಿವರಣೆ.

ಏಳು ಗಂಟೆಗೆ ಸಾಲಿನ ಸಂಘದ ಕಾರ್ಯದರ್ಶಿ ಪ್ರಭಾ ಕೈಯಲ್ಲೊಂದು ಪೋಸ್ಟ್‌ಕಾರ್ಡ್ ಹಿಡಿದು ಕಾದಿದ್ದಾರೆ. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುವ ಅವರಿಗೆ ಕಣ್ಣಂದಾಜಿನಲ್ಲಿ ನಂಬಿಕೆಯಿಲ್ಲ. ಪ್ರತಿ ಸಂದಿನಲ್ಲೂ ಕಾರ್ಡು ತಡೆಯಿಲ್ಲದೆ ಸರಿದುಹೋಗಬೇಕು. ವತ್ಸಲಾ ಅವರ ಮನೆಯಲ್ಲಿ ಸರಿದುಹೋಗುತ್ತದೆ. ಎರಡನೆಯದರಲ್ಲಿ, ಮೂರನೆಯದರಲ್ಲಿ, ಐದನೆಯದರವರೆಗೂ ಸರಿದುಹೋಗುತ್ತದೆ. ಹಿಂದೆ ಬರುತ್ತಿರುವ ಹೆಂಗಸರ ಗುಂಪು ಮನೆಯಿಂದ ಮನೆಗೆ ದೊಡ್ಡದಾಗುತ್ತದೆ. ಆರನೆಯದು ಪ್ರಭಾ ಅವರದೇ ಮನೆ. ಅಲ್ಲಿ ಕೆಳಗಿನ ಡ್ರಾಯರು ಅರ್ಧಕ್ಕೆ ಬಂದು ನಿಲ್ಲುತ್ತದೆ.

"ಕೀಸುಳಿ ತಂದಿದೀರಲ್ಲ ಅಣ್ಣ, ಎರಡು ಸಲ ಆಡಿಸ್ಬಿಡಿ. ಮುಗೀತು, ಎಲ್ಲ ಮನೆನೂ ಪಾಸ್ ಅಂತ ಬರ್ಕೋತೀನಿ" ಎಂದು ಪ್ರಭಾ ತಾವೇ ದಾರಿ ತೋರಿಸುತ್ತಾರೆ.

ಅಂಜಿನಯ್ಯ ಕೀಸುಳಿ ಮುಟ್ಟುವುದಿಲ್ಲ. ಡ್ರಾಯರನ್ನು ಅಲುಗಿಸುತ್ತಾ ಹೊರಗೆಳೆದು ಅದರ ಹಿಂಬದಿಯನ್ನು ಮೂಸುತ್ತಾರೆ, ಖಾಲಿಯಾದ ಗೂಡಿನೊಳಗೆ ಹೆಗಲವರೆಗೂ ಕೈ ಹಾಕಿ ಗೋಡೆ ಸವರುತ್ತಾರೆ. ಬೆರಳಿಗೆ ಒದ್ದೆ ಸುಣ್ಣ ಅಂಟಿಕೊಂಡು ಬರುತ್ತದೆ.

"ಮಳೆಗೆ ಉಬ್ಬಿದ್ದಲ್ಲ ತಾಯಿ. ಗೋಡೆ ಒಳಗೆ ನಲ್ಲಿ ಪೈಪ್ ಸೋರ್ತಾ ಇದೆ. ಈಗ ಕೀಸಿದ್ರೆ ಈಗೇನೋ ಆಡುತ್ತೆ. ಬೇಸ್ಗೆಗೆ ಒಣಗಿ ಲೊಡಲೊಡ ಅನ್ನುತ್ತೆ, ಸಂದೀಲಿ ಜಿರಲೆ ಸಂಸಾರ ಹೂಡ್ತವೆ."

"ಹಂಗಾದ್ರೆ ಫೇಲ್ ಅಂತ ಬರೀಲಾ?"

"ಗುರುವಾರದವರೆಗೆ ಏನೂ ಬರೀಬೇಡಿ. ನೀವು ಪೈಪ್ ಸರಿ ಮಾಡಿಸಿ, ನಾನು ಇದನ್ನ ಒಣಗಿಸಿ ತರ್ತೀನಿ. ಒಂದು ಸಿಪ್ಪೆನೂ ತೆಗೆಯಲ್ಲ. ಆವಾಗ್ಲೂ ಆಡ್ಲಿಲ್ಲ ಅಂದ್ರೆ ಅಂಗಡಿಯೋರಿಗೇ ಕೊಟ್ಬಿಡಿ."

ಡ್ರಾಯರು ಸೈಕಲ್ಲಿನ ಕ್ಯಾರಿಯರ್ ಮೇಲೆ ಕುರುಬರಹಳ್ಳಿಗೆ ಬರುತ್ತದೆ. ಸೌದೆ ಒಲೆಯ ಪಕ್ಕದಲ್ಲಿಡಲು ಹೊರಟ ಗಂಡನನ್ನು ಗಂಗಲಕ್ಷ್ಮಮ್ಮ ತಡೆಯುತ್ತಾರೆ. "ಅಲ್ಲಿಟ್ರೆ ಹಪ್ಪಳ ಆಗುತ್ತೆ. ಸಂಡಿಗೆ ಇಡೋ ಅಟ್ಟದ ಮೇಲಿಡಿ, ನಿಧಾನಕ್ಕೆ ಒಣಗ್ಲಿ." ನಾಲ್ಕು ದಿನ ಅದು ಅಟ್ಟದಲ್ಲಿರುತ್ತದೆ. ಅಂಜಿನಯ್ಯ ದಿನಕ್ಕೆ ಮೂರು ಸಲ ಏಣಿ ಹತ್ತಿ ತಟ್ಟಿ ಕೇಳುತ್ತಾರೆ. ಬುಧವಾರ ಸಂಜೆಯ ಹೊತ್ತಿಗೆ ಸದ್ದು ತಿಳಿಯಾಗುತ್ತದೆ.

ಗುರುವಾರ, ಹಬ್ಬದ ಹಿಂದಿನ ದಿನ. ಪೈಪು ಬದಲಾಗಿದೆ, ಗೋಡೆ ಆರಿದೆ. ಪ್ರಭಾ ಅವರ ಎರಡೂ ಕೈ ಒಬ್ಬಟ್ಟಿನ ಕಣಕದಲ್ಲಿವೆ. ಅಂಜಿನಯ್ಯ ಡ್ರಾಯರನ್ನು ಗೂಡಿಗೆ ಸೇರಿಸಿ ಹಿಂದೆ ಸರಿದು ನಿಲ್ಲುತ್ತಾರೆ. ಪೋಸ್ಟ್‌ಕಾರ್ಡ್ ಕಿಟಕಿಯ ಮೇಲೆಯೇ ಇದೆ. ಪ್ರಭಾ ಅದರತ್ತ ಹೋಗುವುದಿಲ್ಲ. ಹಿಟ್ಟು ಮೆತ್ತಿದ ಕಿರುಬೆರಳನ್ನು ಹಿಡಿಕೆಗೆ ಸಿಕ್ಕಿಸಿ ಡ್ರಾಯರನ್ನು ಎಳೆದು, ಸೌಟು ತೆಗೆದುಕೊಂಡು, ಮೊಣಕಾಲಿನಿಂದ ಮೆಲ್ಲನೆ ತಳ್ಳುತ್ತಾರೆ. ಅದು ಸದ್ದಿಲ್ಲದೆ ಒಳಗೆ ಹೋಗಿ ಕೂರುತ್ತದೆ. ಪ್ರಭಾ ಆಗಲೇ ಒಲೆಯತ್ತ ತಿರುಗಿದ್ದಾರೆ.

"ಹದಿನೆಂಟು ಮನೆನೂ ನಿಮ್ಮದೇ ಅಣ್ಣ. ಸೋಮವಾರದಿಂದ ಅಳತೆ ತಗೊಳ್ಳಿ" ಎಂದು ಅವರು ಬೆನ್ನು ತಿರುಗಿಸಿಕೊಂಡೇ ಹೇಳುತ್ತಾರೆ.

ಹದಿನೆಂಟು ಮನೆಗಳೆಂದರೆ ಎಪ್ಪತ್ತೆರಡು ಬಾಗಿಲು, ಮೂವತ್ತಾರು ಡ್ರಾಯರು. ಬರುವ ಬೇಸಿಗೆಯವರೆಗೆ ಬಿಡುವಿಲ್ಲದ ಕೆಲಸ. ಇಷ್ಟೆಲ್ಲ ಆದ ಮೇಲೆ ಆಸೆಯೇನು ಎಂದರೆ ಅಂಜಿನಯ್ಯ ಕೈಯ ಧೂಳನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ.

"ಬಾಗ್ಲು ಅಂಟ್ಕೊಂಡಾಗ್ಲೇ ಮಾಡಿದೋನ ನೆನಪಾಗೋದು. ಈ ಸಾಲ್ನಲ್ಲಿ ಎಲ್ರೂ ನನ್ನ ಮರೆತುಬಿಡ್ಲಿ, ಅಷ್ಟು ಸಾಕು."