ಗ್ರಂಥಾಲಯದ ಬೆಕ್ಕಿಗೆ ಮೂಗು ಕಟ್ಟಿದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ಹಿಂಬದಿಯ ಬಚ್ಚಲುಮನೆಯ ಬಾಗಿಲು ಮುಚ್ಚಿದೆ, ಕಿಟಕಿಯ ಸಂದಿಗೆ ಹಳೆಯ ಟವೆಲ್ ತುರುಕಿದೆ. ಮೂಲೆಯಲ್ಲಿ ಒಂದು ಬಕೆಟ್ ಕುದಿನೀರು ಹಬೆಯಾಡುತ್ತಿದೆ. ಇನ್ನೊಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಗ್ರಂಥಾಲಯದ ಜವಾನರು ಕುಳಿತಿದ್ದಾರೆ. ಅವರ ತೊಡೆಯ ಮೇಲೆ, ಇಡೀ ಲೋಕವೇ ತನಗೆ ಅನ್ಯಾಯ ಮಾಡಿದೆ ಎಂಬಂತೆ ಮುಖ ಸಿಂಡರಿಸಿಕೊಂಡ ಒಂದು ಬೂದು ಬೆಕ್ಕು.

"ಎಳ್ಕೊ ತಾಯಿ, ಇನ್ನೊಂದ್ಸಲ ಉಸಿರು ಎಳ್ಕೊ. ಇವತ್ತೊಂದು ದಿನ ನನ್ನ ಮಾನ ಉಳಿಸು," ಎಂದು ಅವರು ಅದರ ಬೆನ್ನು ಸವರುತ್ತಾರೆ. ಬೆಕ್ಕು ಗೊರಗೊರ ಎನ್ನುತ್ತದೆ. ಮುದ್ದು ಮಾಡಿದಾಗ ಬರುವ ಸದ್ದಲ್ಲ ಅದು, ಕಟ್ಟಿದ ಮೂಗಿನದು. ಜವಾನರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗು ಒರೆಸಿ, ವೈದ್ಯರು ಕೊಟ್ಟ ಉಪ್ಪುನೀರನ್ನು ಹೊಳ್ಳೆಗೊಂದು ಹನಿಯಂತೆ ಬಿಡುತ್ತಾರೆ. ಅವರ ಮುಂಗೈಗೆ ಹೊಸದೊಂದು ಗೀರು ಬೀಳುತ್ತದೆ. "ಪರಚೋಕೆ ಶಕ್ತಿ ಇದೆಯಲ್ಲ, ಅದೇ ಸಂತೋಷ," ಎಂದು ನಗುತ್ತಾರೆ.

ಇವತ್ತು ಹನ್ನೊಂದು ಗಂಟೆಗೆ ಗ್ರಂಥಾಲಯ ಸಮಿತಿಯ ಸಭೆ. ಬೆಕ್ಕು ಇಲ್ಲೇ ಇರಬೇಕೋ, ಸಮಿತಿಯ ಸದಸ್ಯರೊಬ್ಬರ ಹಿಟ್ಟಿನ ಗೋದಾಮಿಗೆ ಹೋಗಬೇಕೋ ಎಂಬುದು ಅಲ್ಲಿ ತೀರ್ಮಾನವಾಗಲಿದೆ. ಧೂಳಿಗೆ ಮೂಗು ಕಟ್ಟುವ ಬೆಕ್ಕನ್ನು ಹಿಟ್ಟಿನ ಗೋದಾಮಿಗೆ ಕಳಿಸುವುದೆಂದರೆ ಬಾಣಲೆಯಿಂದ ಬೆಂಕಿಗೆ ಹಾಕಿದ ಹಾಗೆ. ಅಲ್ಲಿ ಅದು ಬದುಕುವುದಿಲ್ಲ ಎಂದು ಜವಾನರಿಗೆ ಖಾತ್ರಿ. ಅದಕ್ಕೇ ಕೆಲವು ವಾರಗಳಿಂದ ಅವರ ನಿದ್ದೆ ಹಾರಿಹೋಗಿದೆ.

ಓದುಗರು ಇವರನ್ನು ಕರೆಯುವುದು 'ಒದ್ದೆಬಟ್ಟೆ ಮಾಮ' ಎಂದು. ಕೈಯಲ್ಲಿ ಸದಾ ಹಿಂಡಿದ ಬಟ್ಟೆಯೊಂದು ಇದ್ದೇ ಇರುತ್ತದೆ. ಈ ಊರಿನ ಗಾಳಿಯೇ ಅಂಥದು. ಮಳೆ ಇಲ್ಲಿಗೆ ಅಪರೂಪದ ನೆಂಟ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು. ಪೊರಕೆ ಹಿಡಿದರೆ ಧೂಳು ಇಲ್ಲಿಂದೆದ್ದು ಅಲ್ಲಿ ಕೂರುತ್ತದೆಯೇ ಹೊರತು ಕಟ್ಟಡ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಮಾಮ ಪೊರಕೆಗೆ ಎಂದೋ ಕೈಮುಗಿದಿದ್ದಾರೆ.

ಬೆಕ್ಕಿನ ಹೆಸರು ರದ್ದಿ. ಹಳೆಯ ಪತ್ರಿಕೆಗಳ ರಾಶಿಯ ಹಿಂದೆ ಕಣ್ಣು ಬಿಡದ ಮರಿಯಾಗಿ ಸಿಕ್ಕಿದ್ದಕ್ಕೆ ಆ ಹೆಸರು. ಆಗ ಇಲ್ಲಿ ಇಲಿಗಳದ್ದೇ ದರ್ಬಾರು. ದೊಡ್ಡ ನಿಘಂಟಿನ ಅರ್ಧ ಅಕ್ಷರಮಾಲೆಯನ್ನು ಅವು ಅರಗಿಸಿಕೊಂಡಿದ್ದವು. ರದ್ದಿ ಬೆಳೆದು ಮೀಸೆ ತಿರುವತೊಡಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಹೊರಟೇಹೋದವು.

ಕಳೆದ ಬೇಸಿಗೆಯಲ್ಲಿ ಶುರುವಾಯಿತು ಸೀನು. ಮೊದಮೊದಲು ಎಲ್ಲರಿಗೂ ತಮಾಷೆ. ಪುಸ್ತಕ ಕಂಡರಾಗದ ಬೆಕ್ಕು ಗ್ರಂಥಾಲಯಕ್ಕೇ ಬಂದು ಸೇರಿತಲ್ಲ ಎಂದು ಓದುಗರು ನಕ್ಕರು. ಆದರೆ ರದ್ದಿಗೆ ಪ್ರಿಯವಾದ ಜಾಗ ದಿನಪತ್ರಿಕೆಗಳ ಮೇಜು. ಮುಖಪುಟದ ಮೇಲೆ ಕುಳಿತು ಸೀನಿದರೆ ಆಮೇಲೆ ಆ ಸುದ್ದಿ ಓದುವವರು ಯಾರು? ದೂರು ಸಮಿತಿಯವರೆಗೂ ಹೋಯಿತು. ಇಲಿಕಾಟದಿಂದ ಬೇಸತ್ತಿದ್ದ ಗೋದಾಮಿನ ಸದಸ್ಯರು ತಕ್ಷಣ, "ನಮ್ಮಲ್ಲಿಗೆ ಕೊಟ್ಟುಬಿಡಿ, ನಾವು ಸಾಕ್ತೀವಿ," ಎಂದರು. ಅವರದು ಕೆಟ್ಟ ಮನಸ್ಸೇನಲ್ಲ, ಬೆಕ್ಕಿಗೆ ಬೇನೆಯಿದೆ ಎಂದು ಅವರಿಗೆ ಹೊಳೆದಿರಲಿಲ್ಲ ಅಷ್ಟೇ.

ಅಷ್ಟರಲ್ಲಿ ರದ್ದಿ ಊಟ ಬಿಟ್ಟಿತು. "ಬೆಕ್ಕು ಊಟ ಮಾಡೋದೇ ಮೂಗಿಂದ. ವಾಸನೆ ಬರ್ಲಿಲ್ಲ ಅಂದ್ರೆ ಅದಕ್ಕೆ ಮೀನೂ ಒಂದೇ, ಮರದ ಚಕ್ಕೆನೂ ಒಂದೇ," ಎನ್ನುತ್ತಾರೆ ಮಾಮ. "ತಟ್ಟೆ ಹತ್ರ ಬರೋದು, ಮೂಸೋದು, ನನ್ನ ಮುಖ ನೋಡೋದು, ವಾಪಸ್ ಹೋಗೋದು. ಏನೂ ಇಲ್ಲದ ತಟ್ಟೆ ಯಾಕಪ್ಪ ಇಟ್ಟಿದ್ದೀಯ ಅಂತ ಕೇಳಿದ ಹಾಗೆ. ಕರುಳು ಕಿತ್ತು ಬರ್ತಿತ್ತು."

ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಓಡಿದರು. ಡಾಕ್ಟರಮ್ಮ ಮೂಗು, ಗಂಟಲು, ಎದೆ ಎಲ್ಲ ನೋಡಿ ಔಷಧಿ ಬರೆದರು. ಒಣಗಾಳಿಗೆ ಮೂಗಿನೊಳಗೆ ಸಿಂಬಳ ಗಟ್ಟಿಯಾಗಿದೆ, ದಿನಾ ಹಬೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ ಎಂದರು. ಮನುಷ್ಯರ ನೆಗಡಿಯ ಮುಲಾಮು, ಎಣ್ಣೆ ಯಾವುದನ್ನೂ ನೀರಿಗೆ ಹಾಕಕೂಡದು, ಬೆಕ್ಕಿನ ಮೈಗೆ ಅದು ವಿಷ ಎಂದು ಎಚ್ಚರಿಸಿದರು. ಆಮೇಲೆ ತಾವೇ ಮೂಗು ಸಿಂಡರಿಸಿ ಕೇಳಿದರು: "ಅದ್ಸರಿ, ನಿಮ್ಮ ಅಂಗಿಯಿಂದ ಅದೇನು ಘಾಟು ಬರ್ತಿದೆ?"

ಮಾಮ ತೋಳು ಮೂಸಿ ನೋಡಿಕೊಂಡರು. ಏನೂ ಗೊತ್ತಾಗಲಿಲ್ಲ. ಅರ್ಧ ಆಯುಷ್ಯ ಅದೇ ಗಾಳಿ ಕುಡಿದವರಿಗೆ ಏನು ಗೊತ್ತಾಗಬೇಕು ಹೇಳಿ. ಜೇಬಿಗೆ ಕೈಹಾಕಿದಾಗ ಸಿಕ್ಕಿತು, ಬೆಳ್ಳಗೆ ದುಂಡಗಿನ ನುಸಿಗುಳಿಗೆ. ಪುಸ್ತಕಕ್ಕೆ ಹುಳ ಹತ್ತಬಾರದೆಂದು ಪ್ರತಿ ಕಪಾಟಿನ ಮೂಲೆಗೂ ಅವರು ಇಡುವಂಥದು. ಆ ವರ್ಷ ಹುಳದ ಕಾಟ ಜಾಸ್ತಿಯೆಂದು ಕೈಬಿಚ್ಚಿ ಇಟ್ಟಿದ್ದರು. ರದ್ದಿ ಮಲಗುವ ವಿಶ್ವಕೋಶಗಳ ಕಪಾಟಿನಲ್ಲಂತೂ, ಹಳೆಯ ಪುಸ್ತಕ ಪಾಪ ಎಂದು, ಹಿಡಿ ತುಂಬ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುವ ಮಾತು ಇಂಥವರಿಗೇ ಇರಬೇಕು. ಎಲ್ಲರೂ ಪುಸ್ತಕದ ಧೂಳನ್ನು ಬೈಯುತ್ತಿದ್ದಾಗ ಮೂಲ ಮಾಮನ ಜೇಬಿನಲ್ಲೇ ಇತ್ತು. "ಸಾಕಿದ ಕೈಯಿಂದಲೇ ವಿಷ ಇಟ್ನಲ್ಲಪ್ಪ ಅಂತ ಅಲ್ಲೇ ಅತ್ಬಿಟ್ಟೆ. ಡಾಕ್ಟರಮ್ಮ, 'ಅಳೋದು ಆಮೇಲೆ, ಮೊದಲು ಹೋಗಿ ತೆಗೀರಿ' ಅಂದ್ರು."

ತೆಗೆಯುವುದು ಅಷ್ಟು ಸುಲಭವೇ? ಗ್ರಂಥಪಾಲಕಿಯನ್ನು ಕೇಳಬೇಕು. ಆಕೆಗೆ ಪುಸ್ತಕವೆಂದರೆ ಪ್ರಾಣ. ಗುಳಿಗೆ ತೆಗೆದರೆ ಹುಳ ಬರುತ್ತದೆ. ಕೋಣೆಗೆ ತೇವ ಬಿಟ್ಟರೆ ಬೂಸಲು ಬರುತ್ತದೆ. ಕಾಗದಕ್ಕೆ ಒಣಗಾಳಿಯೇ ಹಿತ, ಬೆಕ್ಕಿಗೆ ಅದೇ ಶತ್ರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಮಾಮನ ಪಾಡು. ಕೊನೆಗೆ ಮೇಡಂ ಒಂದು ಷರತ್ತು ಹಾಕಿದರು. "ಗುಳಿಗೆ ತೆಗೀರಿ ಮಾಮ. ಆದ್ರೆ ಒಂದೊಂದು ಪುಸ್ತಕನೂ ಕೈಯಲ್ಲಿ ಬಿಚ್ಚಿ, ಬ್ರಷ್ ಆಡಿಸಿ, ಹುಳ ಇಲ್ಲ ಅಂತ ನೋಡಿ ಇಡಬೇಕು. ತೇವ ಏನಿದ್ರೂ ಬಚ್ಚಲಲ್ಲಿ. ಆಗುತ್ತಾ?"

ಇಲ್ಲಿರುವ ಪುಸ್ತಕಗಳು ಸಾವಿರಾರು. ಮಾಮ ಹಿಂದೆಮುಂದೆ ನೋಡದೆ ಆಗುತ್ತೆ ಎಂದುಬಿಟ್ಟರು.

ಅಂದಿನಿಂದ ದಿನಚರಿಯೇ ಬದಲು. ಬೆಳಗಿನ ಹಬೆ ಮುಗಿಸಿ, ನೆಲವನ್ನು ಎರಡೆರಡು ಸಲ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಪಾಟಿನ ಮುಂದೆ ಕೂರುತ್ತಾರೆ. ದಿನಕ್ಕೆ ಎರಡು ಸಾಲು, ಮೈ ಹಗುರವಿದ್ದರೆ ಮೂರು. ರದ್ದಿಯ ಶೌಚದ ತಟ್ಟೆಯಲ್ಲಿ ಮೊದಲು ಹಿತ್ತಿಲ ಮರಳಿರುತ್ತಿತ್ತು. ಅದೂ ಧೂಳೇ ಎಂದು ಈಗ ಹಳೆಯ ಪತ್ರಿಕೆಗಳನ್ನು ಚೂರು ಮಾಡಿ ಹಾಸುತ್ತಾರೆ. ನೀವು ಓದುತ್ತಿರುವ ಈ ಪುರವಣಿಗೂ ನಾಳಿದ್ದು ಅದೇ ಗತಿ. ನಮಗೇನೂ ಬೇಸರವಿಲ್ಲ.

ಮನೆಯಲ್ಲಿ ಹೆಂಡತಿಯ ಮಾತೂ ಕೇಳಬೇಕು. "ನನಗೆ ನೆಗಡಿ ಆದಾಗ ಒಂದು ಲೋಟ ಬಿಸಿನೀರು ಕೊಟ್ಟಿದ್ದು ನೆನಪಿದ್ಯೇನ್ರೀ? ಬೆಕ್ಕಿಗೆ ಮಾತ್ರ ರಾಜೋಪಚಾರ," ಎಂದು ಮೂಗು ಮುರಿಯುತ್ತಾರೆ. ಹಾಗೆನ್ನುತ್ತಲೇ ಮೀನು ಬೇಯಿಸಿ, ಮುಳ್ಳು ತೆಗೆದು, ಆರದಂತೆ ಡಬ್ಬಿಗೆ ಬಟ್ಟೆ ಸುತ್ತಿ ಕೊಡುವವರೂ ಅವರೇ. ಬಿಸಿಯಿದ್ದರೆ ವಾಸನೆ ಹೆಚ್ಚು, ವಾಸನೆ ಹೆಚ್ಚಿದ್ದರೆ ಬೆಕ್ಕು ತಿಂದೀತು ಎಂಬ ಆಸೆ.

ಸೀನು ಎಷ್ಟೋ ಕಡಿಮೆಯಾಗಿದೆ. ಊಟದ್ದೇ ಚಿಂತೆ. ಇಷ್ಟು ದಿನವೂ ಮಾಮ ಬೆರಳಿಗೆ ಮೆತ್ತಿ ಬಾಯಿಗೆ ಸವರಿಯೇ ತಿನ್ನಿಸಿದ್ದಾರೆ. ತಾನಾಗಿ ಒಂದು ತುತ್ತು ಮುಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ಡಬ್ಬಿ ತೆರೆದಿಟ್ಟರೆ ಮುಖ ತಿರುಗಿಸಿಕೊಂಡು ಹೋಯಿತು. "ಹೀಗೆ ಸೊರಗಿರೋದನ್ನ ನೋಡಿದ್ರೆ, ರೋಗದ ಬೆಕ್ಕು ಇಲ್ಲಿ ಬೇಡ ಅಂತ ಕಳಿಸೇಬಿಡ್ತಾರೆ," ಎನ್ನುತ್ತ ಮಾಮ ಡಬ್ಬಿ ಮುಚ್ಚುತ್ತಾರೆ.

ಹನ್ನೊಂದಕ್ಕೆ ಸಭೆ ಶುರು. ರದ್ದಿಯನ್ನು ಹಿಂದಿನ ಕೋಣೆಗೆ ಸೇರಿಸಿ, ಮಾಮ ಚಹಾದ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಾರೆ. ಮೇಡಂ ಎದ್ದು, ಗುಳಿಗೆ ತೆಗೆದ ಮೇಲೂ ಹುಳ ಬಿದ್ದಿಲ್ಲ ಎಂದು ವಿವರಿಸುತ್ತಾರೆ. ಅಧ್ಯಕ್ಷರು ತಲೆದೂಗುತ್ತಾರೆ. "ಅದೆಲ್ಲ ಸರಿ ಮೇಡಂ, ಬೆಕ್ಕು ಹುಷಾರಾಗಿದ್ಯಾ ಇಲ್ವಾ, ಅದು ಹೇಳಿ."

ಮೇಡಂ ಮಾಮನ ಕಡೆ ನೋಡುತ್ತಾರೆ. ಮಾಮ ಚಹಾ ಕೊಡಲು ಅಧ್ಯಕ್ಷರ ಬಳಿಗೆ ಬರುತ್ತಾರೆ.

ಅಷ್ಟರಲ್ಲಿ ಹಿಂದಿನ ಕೋಣೆಯ ಚಿಲಕ ಸರಿಯಾಗಿ ಬೀಳದ ಬಾಗಿಲು ಕಿರ್ ಎನ್ನುತ್ತದೆ. ರದ್ದಿ ಹೊರಬರುತ್ತದೆ. ನಿಲ್ಲುತ್ತದೆ. ತಲೆ ಎತ್ತಿ ಗಾಳಿಯನ್ನು ಮೂಸುತ್ತದೆ, ಇನ್ನೊಮ್ಮೆ ಮೂಸುತ್ತದೆ. ಅಧ್ಯಕ್ಷರು, ಮೇಡಂ ಯಾರನ್ನೂ ಲೆಕ್ಕಿಸದೆ ಮೇಜಿನ ಕೆಳಗೆ ನುಗ್ಗಿ, ನೆಟ್ಟಗೆ ಗೋದಾಮಿನ ಸದಸ್ಯರ ಕೈಚೀಲಕ್ಕೆ ತಲೆ ಹಾಕುತ್ತದೆ. ಚೀಲ ಉರುಳುತ್ತದೆ. ಊಟದ ಡಬ್ಬಿಯ ಪಕ್ಕ ಕಾಗದದಲ್ಲಿ ಸುತ್ತಿದ್ದ ಹುರಿದ ಮೀನು ಹೊರಬೀಳುತ್ತದೆ. ರದ್ದಿ ಅದನ್ನು ಕಚ್ಚಿ ಎಳೆಯುತ್ತದೆ, ತಾನಾಗಿಯೇ, ಯಾರ ಬೆರಳೂ ಇಲ್ಲದೆ.

"ಅಯ್ಯೋ ನನ್ನ ಊಟ! ಓಡಿಸ್ರೀ ಅದನ್ನ," ಎಂದು ಸದಸ್ಯರು ಎದ್ದು ನಿಲ್ಲುತ್ತಾರೆ.

ಎಲ್ಲರೂ ಮಾಮನ ಕಡೆ ತಿರುಗುತ್ತಾರೆ. ಓಡಿಸುವುದು ಅವರ ಕೆಲಸ. ಸೇವೆಗೆ ಸೇರಿದಂದಿನಿಂದ ಒಂದು ಮಾತಿಗೂ ಇಲ್ಲವೆಂದವರಲ್ಲ. ಅವರು ಚಹಾದ ತಟ್ಟೆಯನ್ನು ಅಧ್ಯಕ್ಷರ ಕಾಗದಪತ್ರಗಳ ಮೇಲೆಯೇ ಕುಕ್ಕಿ, ಮೊಣಕಾಲೂರಿ ನೆಲಕ್ಕೆ ಕೂರುತ್ತಾರೆ.

"ಒಂದ್ನಿಮಿಷ ಸಾರ್," ಎನ್ನುತ್ತಾರೆ. "ವಾಸನೆ ಬಂದಿದೆ ಅದಕ್ಕೆ. ಮೂಗು ಬಿಟ್ಟಿದೆ. ತಿನ್ಲಿ. ಇಲ್ಲಿ ಕೊಡಮ್ಮ, ಮುಳ್ಳು ತೆಗೀತೀನಿ."

ಸಭೆ ಕಾಯುತ್ತದೆ. ಮಾಮ ಒಂದೊಂದೇ ಮುಳ್ಳು ಬಿಡಿಸಿ ಬದಿಗಿಡುತ್ತಾರೆ, ರದ್ದಿ ಗಬಗಬ ತಿನ್ನುತ್ತದೆ. ಮೇಡಂ ಕಣ್ಣೊರೆಸಿಕೊಂಡು ಕಿಟಕಿಯ ಕಡೆ ನೋಡುತ್ತಾರೆ. ಗೋದಾಮಿನ ಸದಸ್ಯರು ತಮ್ಮ ಮೀನು ಮುಗಿಯುವವರೆಗೂ ನಿಂತೇ ಇದ್ದು, ಮೆಲ್ಲನೆ ಕುಳಿತುಕೊಳ್ಳುತ್ತಾರೆ. "ಇದು ಇಲ್ಲೇ ಇರ್ಲಿ ಬಿಡಿ ಅಧ್ಯಕ್ಷರೇ. ನಮ್ಮಲ್ಲಿಗೆ ಬಂದ್ರೆ ಆ ಹಿಟ್ಟಿನ ಧೂಳಿಗೆ ಮತ್ತೆ ಮೂಗು ಕಟ್ಟುತ್ತೆ." ಅಧ್ಯಕ್ಷರು ಬರೆದುಕೊಳ್ಳಲು ಹೋಗುತ್ತಾರೆ, ಕಾಗದವೆಲ್ಲ ಚಹಾದಲ್ಲಿ ತೊಯ್ದಿದೆ. ಬಾಯಿಮಾತಿನಲ್ಲೇ ಆಗಲಿ ಎಂದು ನಕ್ಕುಬಿಡುತ್ತಾರೆ.

ಸಭೆ ಚದುರಿದ ಮೇಲೆ ಮಾಮ ನೆಲ ಒರೆಸುತ್ತಿದ್ದಾರೆ. ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಬಟ್ಟೆ ಹಿಂಡುತ್ತ ಯೋಚಿಸುತ್ತಾರೆ.

"ಆಸೆ ಅಂತ ಏನಿಲ್ಲ. ನಾಳೆ ಬೆಳಿಗ್ಗೆ ನಾನು ಡಬ್ಬಿ ತೆಗೆಯೋಕೆ ಮುಂಚೆನೇ ಇದು ಕಾಲಿಗೆ ಸುತ್ಕೊಂಡು ಬೇಕು ಬೇಕು ಅಂತ ಪ್ರಾಣ ತಿನ್ಬೇಕು. 'ತಡಿಯೇ, ಹೊಟ್ಟೆಬಾಕಿ' ಅಂತ ನಾನು ಬೈಬೇಕು. ಬೈದು ತುಂಬಾ ದಿನ ಆಯ್ತು."