ಕಿಟಕಿಯಿಂದ ಕಾಣುವ ನಂಬರು

ನಮ್ಮ ಸಭೆಯಲ್ಲಿ ಹೊಸಬರನ್ನು ಎದ್ದು ನಿಲ್ಲಿಸುವ ಕೆಲಸ ಇಪ್ಪತ್ತೆರಡು ವರ್ಷ ಜಯಶೀಲಪ್ಪನವರದಾಗಿತ್ತು. ಹಲಸೂರು ಕೆರೆಯ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಚರ್ಚು. ಭಾನುವಾರ ಎಂಟೂವರೆಗೆ ಆರಾಧನೆ. ಎರಡನೆಯ ಕೀರ್ತನೆ ಮುಗಿದ ಕೂಡಲೇ ಜಯಶೀಲಪ್ಪನವರು ಮುಂದೆ ಬಂದು ಮೈಕ್ ಹಿಡಿಯುತ್ತಿದ್ದರು. “ಇಂದು ಮೊದಲ ಸಲ ಬಂದವರು ದಯವಿಟ್ಟು ಎದ್ದು ನಿಲ್ಲಿ” ಎನ್ನುತ್ತಿದ್ದರು. ನಿಂತವರ ಬಾಯಿಯ ಹತ್ತಿರ ಮೈಕ್ ಹೋಗುತ್ತಿತ್ತು. ಹೆಸರು, ಊರು, ಯಾವ ಸಭೆಯವರು, ಯಾರು ಕರೆತಂದರು. ಆಮೇಲೆ ಚಪ್ಪಾಳೆ, ಒಂದು ಫೋಟೋ, ತುಂಬಿಕೊಡಲು ಹಳದಿ ಕಾರ್ಡು. ಕಾರ್ಡಿನಲ್ಲಿ ವಿಳಾಸ, ಫೋನು, ಶುಭಾಶಯದ ಮೆಸೇಜ್ ಕಳಿಸಲು ಹುಟ್ಟಿದ ದಿನ, ಪ್ರಾರ್ಥಿಸಬೇಕಾದ ವಿಷಯ. ಆ ಕಾರ್ಡನ್ನು ರೂಪಿಸಿದವಳು ನಾನು. ಸಮಿತಿಯ ಕಾರ್ಯದರ್ಶಿಯಾಗಿ ನನಗೆ ಅದು ಆಗ ಅಚ್ಚುಕಟ್ಟಾಗಿ ಕಂಡಿತ್ತು.

ಜಯಶೀಲಪ್ಪನವರು ಮೂವತ್ತಮೂರು ವರ್ಷ ದೂರವಾಣಿನಗರದ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವರು. ತಯಾರಾದ ಬಿಡಿಭಾಗಗಳನ್ನು ಅಳತೆಯ ಗೇಜಿಗೆ ಹಿಡಿದು ಸರಿಯಿಲ್ಲದ್ದನ್ನು ಪಕ್ಕಕ್ಕಿಡುವುದು ಅವರ ಕೆಲಸ. ಮಾತು ಕಡಿಮೆ. ಮದುವೆ ಮನೆಯಲ್ಲಿ ಸಿಕ್ಕರೆ ನಮಸ್ಕಾರ ಹೇಳಿ ಕಂಬದ ಹತ್ತಿರ ನಿಲ್ಲುವವರು. ಸಮಿತಿಯ ಚುನಾವಣೆಗೆ ಎರಡು ಸಲ ನಿಂತು ಎರಡು ಸಲವೂ ಸೋತರು. ಆದರೆ ಭಾನುವಾರ ಆ ಐದು ನಿಮಿಷ ಮೈಕ್ ಕೈಗೆ ಬಂದಾಗ ಅವರು ಬೇರೆಯೇ ಮನುಷ್ಯ. ಬೆನ್ನು ನೆಟ್ಟಗಾಗುತ್ತಿತ್ತು, ದನಿ ಗೋಡೆ ಮುಟ್ಟುತ್ತಿತ್ತು. ಸಭೆಯಲ್ಲಿ ಅವರಿಗೆಂದು ಇದ್ದದ್ದು ಅದೊಂದೇ. ಈಗ ನಾನು ಹೇಳುತ್ತಿರುವುದು ಅವರು ಅದನ್ನು ತಾವೇ ಕೈಬಿಟ್ಟದ್ದು ಹೇಗೆ ಎಂಬುದನ್ನು.

ಈ ವರ್ಷ ಚರ್ಚಿನ ವಾರ್ಷಿಕೋತ್ಸವಕ್ಕೆ ನಮ್ಮ ಪಾಸ್ಟರ್ ವಸಂತಕುಮಾರ್ ಒಂದು ಯೋಚನೆ ಮಾಡಿದರು. ಕಳೆದ ಐದು ವರ್ಷಗಳಲ್ಲಿ ಒಮ್ಮೆಯಾದರೂ ಬಂದು ಹೋದವರನ್ನೆಲ್ಲ ಪ್ರೀತಿಭೋಜನಕ್ಕೆ ಕರೆಯೋಣ ಎಂದರು. ಪೆಟ್ಟಿಗೆಯಲ್ಲಿ ಇನ್ನೂರ ಹದಿನಾಲ್ಕು ಹಳದಿ ಕಾರ್ಡುಗಳಿದ್ದವು. ಅವರಲ್ಲಿ ಸಭೆಗೆ ಸೇರಿ ಉಳಿದವರು ಹತ್ತೊಂಬತ್ತು. ಮಿಕ್ಕವರಿಗೆ ಫೋನ್ ಮಾಡುವ ಕೆಲಸ ಸಹಜವಾಗಿ ಜಯಶೀಲಪ್ಪನವರಿಗೆ ಬಂತು. ಹೊಸ ನೋಟ್‌ಬುಕ್ ಕೊಂಡು ಸಂತೋಷದಿಂದಲೇ ಶುರು ಮಾಡಿದರು.

ನಾಲ್ಕನೆಯ ದಿನ ಸಂಜೆ ಕಾರ್ಡಿನ ಪೆಟ್ಟಿಗೆ ಹಿಡಿದು ನಮ್ಮ ಮನೆಗೆ ಬಂದರು. ಕುಳಿತುಕೊಳ್ಳಲಿಲ್ಲ.

“ಮೇಡಂ, ಲಾಟ್ ಪೂರ್ತಿ ರಿಜೆಕ್ಟ್ ಆಗೋ ಹಾಗಿದೆ” ಎಂದರು.

ಅರ್ಧಕ್ಕೂ ಹೆಚ್ಚು ನಂಬರು ಸುಳ್ಳು. ಕೆಲವು ಚಾಲ್ತಿಯಲ್ಲೇ ಇಲ್ಲ. ಕೆಲವನ್ನು ಎತ್ತಿದವರು ಚರ್ಚಿನ ಹೆಸರೇ ಕೇಳಿದವರಲ್ಲ. ಜಯಶೀಲಪ್ಪನವರನ್ನು ಹೆಚ್ಚು ಕಾಡಿದ್ದು ಬೇರೆ. ಏಳು ಕಾರ್ಡುಗಳಲ್ಲಿ, ಏಳು ಬೇರೆ ಬೇರೆ ಹೆಸರುಗಳ ಮುಂದೆ, ಒಂದೇ ನಂಬರು ಇತ್ತು. ಕಾರ್ಡುಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದರಿಂದ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಏಳು ಜನಕ್ಕೆ ಒಂದೇ ಸುಳ್ಳು ಹೇಗೆ ಹೊಳೆಯುತ್ತೆ ಮೇಡಂ? ಒಬ್ರಿಗೊಬ್ರು ಗೊತ್ತೇ ಇಲ್ಲ.”

ನನಗೂ ಕುತೂಹಲ ಹುಟ್ಟಿತು. “ಆ ನಂಬರಿಗೆ ಮಾಡಿದಿರಾ?”

“ನಿಮ್ಮ ಮುಂದೇನೇ ಮಾಡೋಣ ಅಂತ ಬಂದೆ” ಎಂದು ಸ್ಪೀಕರ್ ಹಾಕಿ ಮಾಡಿದರು. ಆ ಕಡೆಯಿಂದ ಒಬ್ಬ ಯುವಕನ ದನಿ ಬಂತು. ಹೆಸರು ಅಫ್ತಾಬ್ ಎಂದ. ಜಯಶೀಲಪ್ಪನವರು ಚರ್ಚಿನ ಹೆಸರು ಹೇಳಿದ ಕೂಡಲೇ ಅವನು ನಗತೊಡಗಿದ.

“ಅರೇ ಅಂಕಲ್, ಕೊನೆಗೂ ಫೋನ್ ಮಾಡಿದ್ರಾ. ನೀವು ಮೆಸೇಜ್ ಕಳ್ಸೋದೇ ಕಳ್ಸೋದು. ಹೋದ್ ವರ್ಷ ನಂಗೆ ಏಳು ಬರ್ತ್‌ಡೇ ಆಯ್ತು. ಒಂದ್ಸಲ ‘ಸಹೋದರಿ, ನಿಮಗೆ ಐವತ್ತು ತುಂಬಿತು’ ಅಂತ ಬಂತು. ಅಮ್ಮಿ ಈಗ್ಲೂ ಚುಡಾಯಿಸ್ತಾರೆ.”

“ನೀವು ಇರೋದು ಎಲ್ಲಪ್ಪ?”

“ಎಲ್ಲಿ ಅಂದ್ರೆ? ನಿಮ್ ಗೇಟ್ ಎದುರಿಗೇನೇ. ಟೈರ್ ಅಂಗಡಿ. ನಿಮ್ ಸ್ಕೂಟರ್ ಪಂಕ್ಚರ್ ಎರಡ್ಸಲ ಹಾಕಿದೀನಿ, ಗ್ರೀನ್ ಕಲರ್ ಸ್ಕೂಟರ್ ಅಲ್ವಾ?”

ಮರುದಿನ ಬೆಳಿಗ್ಗೆ ನಾವಿಬ್ಬರೂ ಚರ್ಚಿಗೆ ಹೋದೆವು. ಹೊಸಬರನ್ನು ಸಾಮಾನ್ಯವಾಗಿ ಎಡಗಡೆಯ ಮೂರನೆಯ ಬೆಂಚಿನಲ್ಲಿ ಕೂರಿಸುತ್ತೇವೆ, ಫೋಟೋಗೆ ಬೆಳಕು ಚೆನ್ನಾಗಿ ಬೀಳುತ್ತದೆಂದು. ಜಯಶೀಲಪ್ಪನವರು ಅಲ್ಲಿ ಕುಳಿತು, ಕಾರ್ಡು ತೊಡೆಯ ಮೇಲಿಟ್ಟುಕೊಂಡು ತಲೆ ಎತ್ತಿದರು. ಎದುರಿನ ಕಿಟಕಿಯಲ್ಲಿ ನೇರವಾಗಿ ಅಫ್ತಾಬನ ಅಂಗಡಿ. ಇಳಿದಿದ್ದ ಶಟರಿನ ಮೇಲೆ ಮೊಳದುದ್ದದ ಕೆಂಪು ಅಂಕಿಗಳಲ್ಲಿ ಫೋನ್ ನಂಬರು. ಭಾನುವಾರ ಅವನು ಅಂಗಡಿ ತೆಗೆಯುವುದು ಹನ್ನೊಂದರ ಮೇಲೆ. ನಮ್ಮ ಆರಾಧನೆಯ ಉದ್ದಕ್ಕೂ ಶಟರು ಇಳಿದೇ ಇರುತ್ತದೆ.

ಅವರು ಆ ಅಂಕಿಗಳನ್ನು ಕಾರ್ಡಿನ ನಂಬರಿನೊಂದಿಗೆ ಒಂದೊಂದಾಗಿ ಹೋಲಿಸಿದರು. ಆಮೇಲೆ ಹೇಳಿದರು: “ಫ್ಯಾಕ್ಟರೀಲಿ ಒಂದು ಪೀಸ್ ಕೆಟ್ಟರೆ ಪೀಸ್ ನೋಡ್ತಿದ್ವಿ. ಒಂದೇ ಜಾಗದಲ್ಲಿ ಏಳು ಪೀಸ್ ಕೆಟ್ಟರೆ ಮೆಷಿನ್ ನಿಲ್ಲಿಸ್ತಿದ್ವಿ.”

ಕಾರ್ಡನ್ನು ಜೇಬಿಗೆ ಹಾಕಿಕೊಂಡು ಎದ್ದರು.

ಉಳಿದ ನಂಬರುಗಳಿಗೂ ಫೋನ್ ಮಾಡಿದರು. ನಿಜ ನಂಬರು ಕೊಟ್ಟವರಲ್ಲಿ ಹಂಸ ಎಂಬವಳೊಬ್ಬಳಿದ್ದಳು. ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ರೂಮು, ಮಹದೇವಪುರದಲ್ಲಿ ಆಫೀಸು, ‘ಯಾವ ಸಭೆ’ ಎಂಬಲ್ಲಿ ಒಂದು ಅಡ್ಡಗೆರೆ. ಒಂದೂವರೆ ವರ್ಷದ ಹಿಂದೆ ಒಂದೇ ಸಲ ಬಂದವಳು. ಅವಳೊಂದಿಗೆ ನಡೆದ ಮಾತನ್ನು ಜಯಶೀಲಪ್ಪನವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು, ನನಗೆ ಓದಿ ಹೇಳಿದರು.

“ಊಟಕ್ಕೆ ಬನ್ನಿ ಅಂದೆ. ‘ನಾನು ಬರ್ತಾನೇ ಇದೀನಲ್ಲ ಸಾರ್’ ಅಂದ್ಲು. ‘ಎಲ್ಲಮ್ಮ, ನಾನು ನೋಡೇ ಇಲ್ವಲ್ಲ’ ಅಂದೆ. ‘ಹೊರಗಡೆ, ಹೊಂಗೆ ಮರದ ಕೆಳಗೆ ಕಲ್ಲುಬೆಂಚಿದೆಯಲ್ಲ, ಅಲ್ಲಿ ಕೂರ್ತೀನಿ. ಹಾಡು ಚೆನ್ನಾಗಿ ಕೇಳುತ್ತೆ. ಮುಗಿಯೋ ಮುಂಚೆ ಹೊರಡ್ತೀನಿ’ ಅಂದ್ಲು.”

“ಒಳಗೆ ಏಕೆ ಬರುವುದಿಲ್ಲವಂತೆ?”

ಅವರು ಪುಟ ತಿರುಗಿಸಿದರು. “‘ಬಂದಿದ್ನಲ್ಲ ಸಾರ್, ಎದ್ದು ನಿಲ್ಲಿಸಿದ್ರಿ. ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರಿ. ಅದು ಸುತ್ತಿ ಸುತ್ತಿ ನಮ್ಮ ಆಫೀಸಿಗೆ ಬಂತು. ಯಾವಾಗ ಆ ಧರ್ಮಕ್ಕೆ ಸೇರಿದೆ ಅಂತ ಕೇಳಿದ್ರು. ನಾನು ಎಲ್ಲೂ ಸೇರಿಲ್ಲ ಸಾರ್, ಸುಮ್ಮನೆ ಕೂತ್ಕೊಂಡು ಹೋಗೋಣ ಅಂತ ಬಂದಿದ್ದೆ.’ ಅಷ್ಟೇ ಮೇಡಂ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

ಒಂದೂವರೆ ವರ್ಷ ಅವಳು ಗೋಡೆಯ ಆಚೆ ಕುಳಿತಿದ್ದಾಳೆ. ಈಚೆಯಿಂದ ಇವರು ಪ್ರತಿ ವಾರ ಹೊಸಬರಿದ್ದಾರೆಯೇ ಎಂದು ಮೈಕಿನಲ್ಲಿ ಕೇಳುತ್ತಿದ್ದಾರೆ. ಅವಳಿಗೆ ಅದು ಕೇಳಿಸುತ್ತಿತ್ತು.

ಜಯಶೀಲಪ್ಪನವರು ಆ ಭಾನುವಾರ ಚರ್ಚಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಅದು ಮೂರನೆಯ ಗೈರುಹಾಜರಿ ಇರಬಹುದು. ಸಂಜೆ ಬಂದಾಗ ಮುಖದಲ್ಲಿ ವಿಚಿತ್ರವಾದ ನಗೆಯಿತ್ತು.

“ಕೆ.ಆರ್.ಪುರದ ಕಡೆ ಒಂದು ಚರ್ಚಿಗೆ ಹೋಗಿದ್ದೆ. ನನ್ನ ಗುರುತು ಯಾರಿಗೂ ಇಲ್ಲದ ಕಡೆ. ನಿಂತ್ಕೊಂಡ್ರೆ ಹೇಗಿರುತ್ತೆ ನೋಡೋಣ ಅಂತ.”

“ನಿಲ್ಲಿಸಿದರೇ?”

“ನಿಲ್ಲಿಸಿದ್ರು. ನನ್ನ ಥರದವನೇ ಒಬ್ಬ ಅಲ್ಲೂ ಇದಾನೆ. ಟೈ ಬೇರೆ ಹಾಕಿದಾನೆ. ಇನ್ನೂರು ಜನ ತಿರುಗಿ ನಕ್ಕರು ಮೇಡಂ. ಒಳ್ಳೇ ನಗುವೇ, ಕೆಟ್ಟದ್ದಲ್ಲ. ಆದ್ರೆ ಮೈಕ್ ಬಾಯಿ ಹತ್ರ ಬಂತು. ಹೆಸರು ಕೇಳಿದ್ರು. ಮುನಿಆಂಜನಪ್ಪ ಅಂದ್ಬಿಟ್ಟೆ.”

“ಅದು ಯಾರು?”

“ಫ್ಯಾಕ್ಟರೀಲಿ ನನ್ನ ಪಕ್ಕದ ಟೇಬಲ್ಲು. ಕಾಡುಗೋಡಿಯವನು. ವರ್ಷಾವರ್ಷ ಅವನ ಊರಹಬ್ಬಕ್ಕೆ ಕರೆದು ಊಟ ಹಾಕ್ತಿದ್ದ. ‘ಮುನಿಆಂಜನಪ್ಪನವರು ಬೇಗ ಸತ್ಯ ತಿಳಿಯಲಿ’ ಅಂತ ಎಲ್ಲರೂ ಕಣ್ಮುಚ್ಚಿ ಪ್ರಾರ್ಥನೆ ಮಾಡಿದ್ರು. ನಾನೂ ಆಮೆನ್ ಅಂದೆ.”

ನಾನು ನಕ್ಕೆ. ಅವರು ನಗಲಿಲ್ಲ.

“ಆಮೇಲೆ ಕಾರ್ಡ್ ಕೊಟ್ರು. ನಮ್ಮದು ಹಳದಿ, ಅವರದು ನೀಲಿ. ಫೋನ್ ನಂಬರ್ ಅಂತ ಇತ್ತು. ಪೆನ್ನು ಕೈಯಲ್ಲಿತ್ತು. ನಾನೇನ್ಮಾಡ್ದೆ ಗೊತ್ತಾ ಮೇಡಂ? ಕಿಟಕಿ ಕಡೆ ನೋಡ್ದೆ.”

ಕಿಟಕಿಯಾಚೆ, ಕಾಂಪೌಂಡ್ ಗೋಡೆಯ ಮೇಲೆ ಬೋರ್‌ವೆಲ್ ಕೊರೆಯುವವರ ಜಾಹೀರಾತು ಇತ್ತಂತೆ. ಅದರ ನಂಬರನ್ನೇ ಬರೆದು ಕೊಟ್ಟು, ಅಲ್ಲಿನ ಪಾಸ್ಟರ ಪ್ರಸಂಗ ಮುಗಿಯುವ ಮೊದಲೇ ಎದ್ದು ಬಂದಿದ್ದರು.

“ಪಾಪ, ಆ ಬೋರ್‌ವೆಲ್‌ನೋನಿಗೆ ಮಾರ್ಚ್ ಒಂಬತ್ತಕ್ಕೆ ಬರ್ತ್‌ಡೇ ಮೆಸೇಜ್ ಬರುತ್ತೆ” ಎಂದರು. “ಅಷ್ಟು ವರ್ಷ ಇನ್ಸ್‌ಪೆಕ್ಟರ್ ಆಗಿದ್ದೋನು. ಒಂದು ಅಂಕಿ ತಪ್ಪು ಬರೆದವನಲ್ಲ.”

ಸಮಿತಿಯ ಸಭೆ ಗುರುವಾರ ಸೇರಿತು. ಸದಸ್ಯರಲ್ಲದ ಜಯಶೀಲಪ್ಪನವರು ವಿಶೇಷ ಅನುಮತಿ ಪಡೆದು ಬಂದರು. ನಿಲ್ಲಿಸುವುದು, ಮೈಕು, ಫೋಟೋ, ಕಾರ್ಡು, ನಾಲ್ಕೂ ಬೇಡ ಎಂದರು. ಮೈಕ್ ಇಲ್ಲದೆ ಮಾತಾಡಿದ್ದರಿಂದ ಹಿಂದೆ ಕುಳಿತವರಿಗೆ ಸರಿಯಾಗಿ ಕೇಳಿಸಲಿಲ್ಲ. ಎರಡು ಸಲ ಹೇಳಬೇಕಾಯಿತು.

ನಮ್ಮ ಖಜಾಂಚಿ ಪ್ರಭಾಕರ್ ಸತ್ಯನಾಥ ಕಾರ್ಖಾನೆಯಲ್ಲೂ ಅವರ ಜೊತೆಗಿದ್ದವರು. “ನಿಮಗೆ ವಯಸ್ಸಾಯ್ತು, ಸುಸ್ತಾಗಿದ್ರೆ ಹೇಳ್ರಿ. ಮೈಕ್ ಹಿಡಿಯೋಕೆ ಜನ ಇದಾರೆ” ಎಂದರು.

“ನಾನು ಬಿಡ್ತೀನಿ ಅಂತಲ್ಲ ಪ್ರಭಾಕರ್. ಕೆಲಸಾನೇ ಬೇಡ ಅಂತ.”

“ಬಂದೋರನ್ನ ಮಾತಾಡಿಸದೆ ಇದ್ರೆ ಅದು ಮರ್ಯಾದೇನಾ? ನಮ್ಮನೆಗೆ ಯಾರಾದ್ರೂ ಬಂದ್ರೆ ಹೆಸರು ಕೇಳಲ್ವಾ?”

“ಕೇಳ್ತೀವಿ. ಮೊದ್ಲು ಕೂರಿಸ್ತೀವಿ, ನೀರು ಕೊಡ್ತೀವಿ. ಬಾಗಿಲಲ್ಲಿ ನಿಲ್ಲಿಸಿ ಮನೆಮಂದೀನೆಲ್ಲ ಕರೆದು ಹುಟ್ಟಿದ ದಿನ ಕೇಳಲ್ಲ.”

“ಹಂಗಾದ್ರೆ ಭಾನುವಾರ ನೀವೇನ್ಮಾಡ್ತೀರಿ?”

ಅದು ಕುಹಕವೇ. ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಜಯಶೀಲಪ್ಪನವರು “ಕೂತ್ಕೊಳ್ತೀನಿ” ಎಂದರು.

ಆಮೇಲೆ ಇನ್ನೊಂದು ಕೇಳಿದರು. ಹೊಂಗೆ ಮರದ ಕಡೆಗಿರುವ ಪಕ್ಕದ ಬಾಗಿಲು ಹನ್ನೊಂದು ವರ್ಷದ ಹಿಂದೆ ಆಂಪ್ಲಿಫೈಯರ್ ಕಳುವಾದಾಗ ಮುಚ್ಚಿದ್ದು. ಅದನ್ನು ಆರಾಧನೆಯ ಹೊತ್ತು ತೆರೆದಿಡಬೇಕು. ಮುಂದಿನ ಬಾಗಿಲಿನಿಂದ ಬಂದರೆ ಎಲ್ಲರ ಕಣ್ಣ ಮುಂದೆ ನಡೆಯಬೇಕು, ಪಕ್ಕದ ಬಾಗಿಲಿನಿಂದ ಬಂದವರು ಕೊನೆಯ ಬೆಂಚಿಗೆ ಎರಡೇ ಹೆಜ್ಜೆ.

ಕಾರ್ಡು ನನ್ನದು, ಅದನ್ನು ನಾನು ಹಿಂತೆಗೆದುಕೊಳ್ಳುತ್ತೇನೆ ಎಂದೆ. ಪಾಸ್ಟರು ಮೂರು ತಿಂಗಳು ಹೀಗೇ ನಡೆಸಿ ನೋಡೋಣ ಎಂದರು. ಒಂದು ಮತದ ಅಂತರದಲ್ಲಿ ಒಪ್ಪಿಗೆಯಾಯಿತು. ಪ್ರಭಾಕರ್ ಸತ್ಯನಾಥ ತಮ್ಮ ವಿರೋಧವನ್ನು ನಡಾವಳಿಯಲ್ಲಿ ಬರೆಸಿದರು. ಅವರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಯಾರೂ ಮಾತಾಡಿಸಲಿಲ್ಲವೆಂದು ಬೇಸತ್ತು ಬಿಟ್ಟುಹೋದವರೂ ಚರ್ಚುಗಳಲ್ಲಿ ಇದ್ದಾರೆ. ಎಷ್ಟು ಮಾತು ಸಾಕು ಎಂಬುದಕ್ಕೆ ಗೇಜು ಯಾರ ಬಳಿಯೂ ಇಲ್ಲ.

ವಾರ್ಷಿಕೋತ್ಸವ ಏಪ್ರಿಲ್ ಎರಡನೆಯ ಭಾನುವಾರ. ಎರಡನೆಯ ಕೀರ್ತನೆ ಮುಗಿಯಿತು. ಅಭ್ಯಾಸಬಲದಿಂದ ಇಡೀ ಸಭೆ ಜಯಶೀಲಪ್ಪನವರ ಜಾಗದ ಕಡೆ ನೋಡಿತು. ಅಲ್ಲಿ ಅವರಿರಲಿಲ್ಲ. ಕೊನೆಯ ಬೆಂಚಿನಲ್ಲಿ, ತೆರೆದ ಪಕ್ಕದ ಬಾಗಿಲಿನ ಹತ್ತಿರ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಕುಳಿತಿದ್ದರು. ಪಾಸ್ಟರು ಪ್ರಸಂಗ ಶುರು ಮಾಡಿದರು.

ಒಂಬತ್ತೂವರೆಯ ಹೊತ್ತಿಗೆ ಹೊಂಗೆಯ ನೆರಳು ಕಲ್ಲುಬೆಂಚನ್ನು ಬಿಟ್ಟು ಸರಿಯುತ್ತದೆ. ಬಿಸಿಲಿಗೋ ಬೇರೆ ಕಾರಣಕ್ಕೋ, ಒಬ್ಬಳು ಯುವತಿ ಒಳಗೆ ಬಂದು ಜಯಶೀಲಪ್ಪನವರ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ನಾನು ಆಚೆ ಬದಿಯ ಸಾಲಿನಲ್ಲಿ ಓರೆಯಾಗಿ ಕುಳಿತಿದ್ದೆ, ಎಲ್ಲ ಕಾಣುತ್ತಿತ್ತು. ಜಯಶೀಲಪ್ಪನವರು ಕತ್ತು ತಿರುಗಿಸಲಿಲ್ಲ. ಮುಂದಿನ ಕೀರ್ತನೆಯ ನಂಬರು ಹೇಳಿದಾಗ ತಮ್ಮ ಪುಸ್ತಕ ತೆಗೆದು, ಪುಟ ಹುಡುಕಿ, ತೆರೆದಂತೆಯೇ ಬೆಂಚಿನ ಮೇಲೆ ಅತ್ತ ಸರಿಸಿದರು. ತಾವು ಪುಸ್ತಕವಿಲ್ಲದೆ ಹಾಡಿದರು. ಮೂರನೆಯ ಚರಣ ಅವರಿಗೆ ಬಾಯಿಗೆ ಬರುವುದಿಲ್ಲ, ಅಲ್ಲಿ ತುಟಿ ಮಾತ್ರ ಆಡಿಸಿದರು.

ಜಯಶೀಲಪ್ಪನವರು ಕರೆದಿದ್ದರಿಂದ ಊಟಕ್ಕೆ ಅಫ್ತಾಬ್ ಬಂದ. ಮಟನ್ ಯಾವ ಅಂಗಡಿಯದೆಂದು ಅಡುಗೆಯವರನ್ನು ಕೇಳಿಕೊಂಡು, ಶಿವಾಜಿನಗರದಲ್ಲಿ ತನಗೆ ಗೊತ್ತಿರುವವರದೇ ಎಂದು ತಿಳಿದ ಮೇಲೆ ಎಲೆಯ ಮುಂದೆ ಕುಳಿತ. “ಏಳು ಜನರ ಪರವಾಗಿ ಬಂದಿದೀನಿ ಅಂಕಲ್, ಪೀಸ್ ನೋಡ್ಕೊಂಡು ಹಾಕ್ಸಿ” ಎಂದ. ಹಂಸ ಊಟಕ್ಕೆ ನಿಂತಳೋ ಹೋದಳೋ ನಾನು ಗಮನಿಸಲಿಲ್ಲ. ಅವಳು ಏಕೆ ಬರುತ್ತಾಳೆಂದು ತಿಳಿಯುವ ಆಸೆ ನನಗೆ ಈಗಲೂ ಇದೆ. ಕೇಳುವುದಿಲ್ಲ.

ಬಾಳೆ ಎಲೆ ತೆಗೆಯುವ ಹೊತ್ತಿಗೆ ತಿಂಗಳ ವರದಿಯ ನಮೂನೆ ಹಿಡಿದು ಜಯಶೀಲಪ್ಪನವರ ಬಳಿ ಹೋದೆ. ಮೇಲಿನ ಕಚೇರಿಗೆ ಹೋಗುವ ವರದಿ. ಅದರಲ್ಲಿ ಹೊಸಬರ ಸಂಖ್ಯೆಗೆ ಒಂದು ಅಂಕಣವಿದೆ, ಪ್ರತಿ ತಿಂಗಳು ಅವರು ಬಾಯಿಂದಲೇ ಹೇಳುತ್ತಿದ್ದರು.

“ಈ ತಿಂಗಳು ಎಷ್ಟು ಜನ?”

“ಗೊತ್ತಿಲ್ಲ ಮೇಡಂ.”

“ಅಂದಾಜು?”

“ನಾನು ಕೇಳಿಲ್ಲ” ಎಂದು ಅವರು ಎಲೆ ಎತ್ತಲು ಹೋದರು.

ಅಂಕಣದಲ್ಲಿ ‘ಕೇಳಿಲ್ಲ’ ಎಂದೇ ಬರೆದು ಕಳುಹಿಸಿದೆ.